ಡೈರಿಗೆ ಹೊಸ ಮಷಿನ್ ಬಂದಿದೆ, ಅದು ಹೇಳುವ ಫ್ಯಾಟ್ ನಂಬಬಹುದಾ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಎರಡು ಹೊತ್ತೂ ಸೇರಿ ದಿನಕ್ಕೆ ಸುಮಾರು 900 ಲೀಟರ್ ಹಾಲು ಬರುತ್ತದೆ. ಹೋದ ತಿಂಗಳು ಹಾಲು ಪರೀಕ್ಷೆ ಮಷಿನ್, ಎಲೆಕ್ಟ್ರಾನಿಕ್ ತಕ್ಕಡಿ, ಕಂಪ್ಯೂಟರ್, ಸಾಫ್ಟ್‌ವೇರ್ ಎಲ್ಲಾ ಹೊಸದು ಹಾಕಿಸಿದೆವು. ಕೂರಿಸಲು ಬಂದವರು ನೀರು ಹಾಕಿ ಫ್ಯಾಟ್ ಸೊನ್ನೆ ತೋರಿಸಿದರು. ಮೂರು ಜನರ ಹಾಲು ಹಾಕಿ ಚೀಟಿ ತೆಗೆದರು. ಸರ್ಟಿಫಿಕೇಟ್ ಕೊಟ್ಟು ಹೋದರು. ಈಗ ದಿನಾ ಜಗಳ. ಹಳೇ ಮಷಿನ್‌ನಲ್ಲಿ ಶೇಕಡಾ 4.2 ಫ್ಯಾಟ್ ಬರುತ್ತಿದ್ದ ಒಬ್ಬ ಅಜ್ಜನ ಹಾಲಿಗೆ ಈಗ 3.7 ಬರುತ್ತಿದೆ. 'ನಮ್ಮ ಹಸು ಏನು ತಪ್ಪು ಮಾಡ್ತಮ್ಮಾ?' ಅಂತ ದಿನಾ ಕೇಳುತ್ತಾರೆ. ಇನ್ನೊಂದು ಕಡೆ ನಮ್ಮ ಸದಸ್ಯರ ಸರಾಸರಿ ಫ್ಯಾಟ್ 4.1 ಇದ್ದರೆ ಹಾಲು ಒಯ್ಯುವ ಒಕ್ಕೂಟದ ಟ್ಯಾಂಕರ್ ಚೀಟಿಯಲ್ಲಿ 3.8 ಬರುತ್ತದೆ. ಅಧ್ಯಕ್ಷರು 'ಕಂಪನಿಯವರು ಟೆಸ್ಟ್ ಮಾಡಿಯೇ ಕೊಟ್ಟಿದ್ದಾರೆ, ಸುಮ್ನಿರಿ' ಅನ್ನುತ್ತಾರೆ. ಮುಂದಿನ ತಿಂಗಳು ಸಾಫ್ಟ್‌ವೇರ್ ಅಪ್‌ಡೇಟ್ ಬೇರೆ ಇದೆಯಂತೆ. ನಾವೇ ಪರೀಕ್ಷೆ ಮಾಡಬಹುದಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಖಂಡಿತ ಮಾಡಬಹುದು. ಮಾಡಲೇಬೇಕು ಅನ್ನುತ್ತೇನೆ. ಇಪ್ಪತ್ತು ವರ್ಷದಿಂದ ಡೈರಿ ಸಲಕರಣೆಗಳನ್ನು ಪರೀಕ್ಷೆ ಮಾಡುವುದೇ ನನ್ನ ಕೆಲಸ. ನೀವು ಬರೆದಿರುವಂಥ ಜಗಳವನ್ನು ಎಷ್ಟೋ ಊರುಗಳಲ್ಲಿ ನೋಡಿದ್ದೇನೆ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಅನುಮಾನ ಒಂದಕ್ಕೊಂದು ಸಿಕ್ಕಿಕೊಂಡಿವೆ. ಅಜ್ಜನ ಫ್ಯಾಟ್ ಯಾಕೆ ಇಳಿಯಿತು ಅನ್ನುವುದು ಒಂದು. ಟ್ಯಾಂಕರ್ ಚೀಟಿ ಯಾಕೆ ಹೊಂದುತ್ತಿಲ್ಲ ಅನ್ನುವುದು ಎರಡು. ಕಂಪ್ಯೂಟರ್ ಲೆಕ್ಕ ಸರಿಯಾಗಿದೆಯಾ ಅನ್ನುವುದು ಮೂರು. ಮೂರನ್ನೂ ಒಟ್ಟಿಗೆ ಎಳೆದರೆ ಗಂಟು ಬಿಗಿಯಾಗುತ್ತದೆ.

ಮೊದಲು ಆ ಸರ್ಟಿಫಿಕೇಟ್ ವಿಷಯ. ನೀರು ಹಾಕಿದರೆ ಫ್ಯಾಟ್ ಸೊನ್ನೆ ಬಂತು ಅಂದರೆ ಮಷಿನ್‌ಗೆ ಸೊನ್ನೆ ಎಲ್ಲಿದೆ ಎಂದು ಗೊತ್ತಿದೆ, ಅಷ್ಟೆ. 3.5 ಎಲ್ಲಿದೆ, 7 ಎಲ್ಲಿದೆ ಅನ್ನುವುದನ್ನು ನೀರು ಹೇಳುವುದಿಲ್ಲ. ಮೂರು ಜನರ ಹಾಲು ಹಾಕಿದ್ದೂ ಅಷ್ಟೇ. ಆ ಮೂವರ ಹಾಲಿನ ನಿಜವಾದ ಫ್ಯಾಟ್ ಎಷ್ಟು ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಹಾಗಿದ್ದ ಮೇಲೆ ಮಷಿನ್ ಹೇಳಿದ್ದು ಸರಿ ಎಂದು ಯಾರು ತಾನೇ ಹೇಳಬೇಕು? ನಮ್ಮ ಕೆಲಸದಲ್ಲಿ ಮೂರು ಹಂತ ಇಟ್ಟುಕೊಂಡಿದ್ದೇವೆ. ಸರಿಯಾಗಿ ಕೂರಿಸಿದ್ದಾರಾ, ಕೂರಿಸಿದ್ದು ಸರಿಯಾಗಿ ಓಡುತ್ತಿದೆಯಾ, ನಮ್ಮ ಊರಿನ ಹಾಲಿಗೆ, ನಮ್ಮ ಕರೆಂಟಿಗೆ, ನಮ್ಮ ಬೆಳಗಿನ ಗಡಿಬಿಡಿಗೆ ಅದು ಸರಿಹೋಗುತ್ತದಾ. ನಿಮಗೆ ಸಿಕ್ಕ ಸರ್ಟಿಫಿಕೇಟ್ ಮೊದಲ ಹಂತದ್ದು. ಕಂಪನಿಯವರು ಸುಳ್ಳು ಹೇಳಿದ್ದಾರೆ ಎಂದಲ್ಲ. ಉಳಿದ ಎರಡು ಹಂತ ಇನ್ನೂ ಯಾರೂ ಮಾಡಿಲ್ಲ ಎಂದು ಅರ್ಥ.

ಪರೀಕ್ಷೆಯ ಗುಟ್ಟು ಒಂದೇ: ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಮಷಿನ್‌ಗೆ ಕೇಳಬೇಕು. ಎಷ್ಟು ತಪ್ಪಿದರೆ ಫೇಲು ಎಂದು ಪರೀಕ್ಷೆಗೆ ಮುಂಚೆಯೇ ಪುಸ್ತಕದಲ್ಲಿ ಬರೆದಿಡಬೇಕು. ಆಮೇಲೆ ಬರೆಯಲು ಕೂತರೆ ಬಂದ ನಂಬರಿಗೆ ತಕ್ಕಂತೆ ಮನಸ್ಸು ಬಗ್ಗುತ್ತದೆ. ಇದು ನನಗೂ ಆಗಿದೆ, ಎಲ್ಲರಿಗೂ ಆಗುತ್ತದೆ.

ಹಾಲಿನ ಫ್ಯಾಟ್‌ಗೆ ಗೊತ್ತಿರುವ ಉತ್ತರ ಎಲ್ಲಿಂದ ತರುವುದು? ಗರ್ಬರ್ ಪರೀಕ್ಷೆಯಿಂದ. ಸ್ವಿಟ್ಜರ್ಲೆಂಡ್‌ನ ನಿಕ್ಲಾಸ್ ಗರ್ಬರ್ 1891ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಇವತ್ತಿಗೂ ಬಳಕೆಯಲ್ಲಿದೆ. ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ 10 ಎಂಎಲ್ ಗರ್ಬರ್ ಸಲ್ಫ್ಯೂರಿಕ್ ಆಸಿಡ್, ಅದರ ಮೇಲೆ ನಿಧಾನಕ್ಕೆ 10.75 ಎಂಎಲ್ ಹಾಲು, 1 ಎಂಎಲ್ ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಬಿಗಿದು ಕುಲುಕುತ್ತಾರೆ. ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 1100 ಸುತ್ತಿನಂತೆ ಐದು ನಿಮಿಷ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿ ಇಟ್ಟು ತೆಗೆದರೆ ಕೊಬ್ಬು ಬೇರೆಯಾಗಿ ಮೇಲೆ ನಿಂತಿರುತ್ತದೆ. ಹೊಂಬಣ್ಣದ ಆ ಪಟ್ಟಿ ಎಲ್ಲಿಂದ ಎಲ್ಲಿಗಿದೆ ಎಂದು ಗಾಜಿನ ಮೇಲೆ ಓದಿದರೆ ಫ್ಯಾಟ್ ಸಿಕ್ಕಿತು. ರೈತರಿಗೆ ಇದನ್ನು ಕಣ್ಣಾರೆ ತೋರಿಸಬಹುದು ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ.

ನಿಮ್ಮ ಮಷಿನ್ ಬಹುಶಃ ಅಲ್ಟ್ರಾಸಾನಿಕ್ ಬಗೆಯದು. ಅದು ಕೊಬ್ಬನ್ನು ಬೇರೆ ಮಾಡುವುದಿಲ್ಲ. ಹಾಲಿನೊಳಗೆ ಶಬ್ದದ ಅಲೆ ಬಿಟ್ಟು, ಬೇರೆ ಬೇರೆ ಬಿಸಿಯಲ್ಲಿ ಅದು ಎಷ್ಟು ವೇಗವಾಗಿ ಹೋಗುತ್ತದೆ ಎಂದು ಅಳೆದು, ಒಳಗಿರುವ ಸೂತ್ರದಿಂದ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಮತ್ತು ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಲೆಕ್ಕ ಹಾಕುತ್ತದೆ. ಹಾಗಾಗಿ ಆಗ ತಾನೇ ಕರೆದ ನೊರೆಹಾಲಿನಲ್ಲಿ ಗಾಳಿಗುಳ್ಳೆ ಇದ್ದರೆ, ಹಾಲು ಹುಳಿ ತಿರುಗಿದ್ದರೆ, ಕೊಳವೆಯೊಳಗೆ ಹಾಲಿನ ಕಲ್ಲು (ಗಟ್ಟಿ ಪದರ) ಕಟ್ಟಿದ್ದರೆ, ಹಸುವಿನ ಸೆಟ್ಟಿಂಗ್‌ನಲ್ಲಿ ಎಮ್ಮೆ ಹಾಲು ಹಾಕಿದರೆ ನಂಬರ್ ದಾರಿ ತಪ್ಪುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಳೆಯುವ ಊರುಗಳಲ್ಲಿ ಕಲ್ಲು ಬೇಗ ಕಟ್ಟುತ್ತದೆ. ಕಂಪನಿ ಕೊಟ್ಟ ಕ್ಲೀನಿಂಗ್ ದ್ರಾವಣವನ್ನು ಅವರು ಹೇಳಿದ ದಿನ ತಪ್ಪದೆ ಹಾಕಿಸಿ.

ಈಗ ಪರೀಕ್ಷೆ. ಒಂದು ಪಾತ್ರೆಯಲ್ಲಿ ಒಬ್ಬರದೇ ಹಾಲು ತೆಗೆದುಕೊಂಡು, ನೊರೆ ಇಳಿಯಲು ಬಿಟ್ಟು, ಚೆನ್ನಾಗಿ ಬೆರೆಸಿ, ಹತ್ತು ಸಲ ಮಷಿನ್‌ಗೆ ಹಾಕಿ. ಪ್ರತಿ ಸಲ ಹೊಸ ಹಾಲು. ಒಳಗೆ ಹೋಗಿ ಬಿಸಿಯಾಗಿ ಬಂದದ್ದನ್ನು ಮತ್ತೆ ಹಾಕಬೇಡಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ನಂಬರಿನ ನಡುವೆ 0.1ಕ್ಕಿಂತ ಜಾಸ್ತಿ ಅಂತರ ಬಂದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ತನ್ನ ಮಾತಿಗೇ ನಿಲ್ಲದ ಮಷಿನನ್ನು ಬೇರೆಯದರ ಜೊತೆ ಹೋಲಿಸಿ ಪ್ರಯೋಜನವಿಲ್ಲ.

ಇದರಲ್ಲಿ ಪಾಸಾದರೆ ಮುಂದೆ ಹೋಗಿ. ಇಪ್ಪತ್ತು ಸದಸ್ಯರ ಹಾಲು ಆರಿಸಿ. ಎಲ್ಲಾ 3.5ರ ಆಸುಪಾಸಿನದೇ ಬೇಡ. ಕಡಿಮೆ ಫ್ಯಾಟಿನ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವಿನ ಹಾಲು, ಜೆರ್ಸಿ, ಎಮ್ಮೆ, ಎಲ್ಲವೂ ಇರಲಿ. ಪ್ರತಿಯೊಂದಕ್ಕೂ ಮಷಿನ್‌ನಲ್ಲಿ ಒಂದು, ಗರ್ಬರ್‌ನಲ್ಲಿ ಎರಡು ಪರೀಕ್ಷೆ. ಮಷಿನ್ ನಂಬರಿನಿಂದ ಗರ್ಬರ್ ಸರಾಸರಿ ಕಳೆದು ಬರುವ ವ್ಯತ್ಯಾಸವನ್ನು ಒಂದರ ಕೆಳಗೊಂದು ಬರೆಯಿರಿ. ನಿಜವಾದ ಕಥೆ ಈ ಸಾಲಿನಲ್ಲಿದೆ. ಇಪ್ಪತ್ತರಲ್ಲೂ ಮಷಿನ್ ಸುಮಾರು 0.3 ಕಡಿಮೆ ತೋರಿಸುತ್ತಿದ್ದರೆ ಅದು ಕ್ಯಾಲಿಬ್ರೇಷನ್ (ಮಷಿನ್ ನಂಬರನ್ನು ನಿಜಕ್ಕೆ ಹೊಂದಿಸುವುದು) ದೋಷ, ಎಂಜಿನಿಯರ್ ಬಂದು ಸರಿಮಾಡಬಹುದು. ಹಸುವಿನ ಹಾಲಿಗೆ ಸರಿ ಇದ್ದು ಎಮ್ಮೆ ಹಾಲಿಗೆ ಮಾತ್ರ ತಪ್ಪುತ್ತಿದ್ದರೆ ಸೆಟ್ಟಿಂಗ್ ನೋಡಿ. ಒಂದು ಕಡೆ 0.3 ಜಾಸ್ತಿ, ಇನ್ನೊಂದು ಕಡೆ 0.4 ಕಡಿಮೆ ಎಂದು ಚೆಲ್ಲಾಡಿದ್ದರೆ ಕ್ಯಾಲಿಬ್ರೇಷನ್‌ಗೆ ಅದು ಬಗ್ಗುವುದಿಲ್ಲ. ಗಾಳಿಗುಳ್ಳೆ, ಕೊಳೆ, ವೋಲ್ಟೇಜ್ ಏರಿಳಿತ, ಅರ್ಥಿಂಗ್ ಇಲ್ಲದಿರುವುದು, ಸೆನ್ಸರ್ ಹಾಳಾಗಿರುವುದು, ಇವುಗಳಲ್ಲಿ ಹುಡುಕಬೇಕು.

ಇನ್ನೊಂದು ಚಿಕ್ಕ ಪರೀಕ್ಷೆ ಬಿಡಬೇಡಿ. ಎಮ್ಮೆ ಹಾಲು ಹಾಕಿದ ತಕ್ಷಣ ಹಸುವಿನ ಹಾಲು ಹಾಕಿ. ಕೊಳವೆಯಲ್ಲಿ ಉಳಿದ ಹನಿ ಮುಂದಿನವರ ಫ್ಯಾಟನ್ನು ಎತ್ತುತ್ತಿದೆಯಾ ಗೊತ್ತಾಗುತ್ತದೆ.

ಅಜ್ಜನ ವಿಷಯಕ್ಕೆ ಬರುತ್ತೇನೆ. 'ಅದೇ ಹಸು, ಅದೇ ಮೇವು, ಫ್ಯಾಟ್ ಹೇಗೆ ಬದಲಾಗುತ್ತದೆ?' ಎಂದು ಎಲ್ಲರೂ ಕೇಳುತ್ತಾರೆ. ಬದಲಾಗುತ್ತದೆ. ಕೆಚ್ಚಲಿನಿಂದ ಮೊದಲು ಬರುವ ಹಾಲು ತೆಳು, ಕೊನೆಯಲ್ಲಿ ಬರುವುದು ಗಟ್ಟಿ. ಕೊನೆಯ ಹಾಲನ್ನು ಕರುವಿಗೆ ಬಿಟ್ಟರೆ ಡೈರಿಗೆ ಬರುವ ಹಾಲಿನ ಫ್ಯಾಟ್ ಇಳಿಯುತ್ತದೆ. ಎರಡು ಕರೆಯುವಿಕೆಯ ನಡುವೆ ಸಮಯ ಜಾಸ್ತಿ ಆದರೆ ಹಾಲು ಜಾಸ್ತಿ, ಫ್ಯಾಟ್ ಕಡಿಮೆ. ಒಣಮೇವು ಕಡಿಮೆಯಾಗಿ ಹಿಂಡಿ ಜಾಸ್ತಿಯಾದರೂ ಫ್ಯಾಟ್ ಇಳಿಯುತ್ತದೆ. ಆದರೆ ನಿಮ್ಮ ಅಜ್ಜನಿಗೆ ಮಷಿನ್ ಬದಲಾದ ದಿನವೇ ಇಳಿದಿದ್ದರೆ ಹಸುವಿನ ಮೇಲೆ ಹಾಕುವುದು ಸರಿಯಲ್ಲ. ಹಾಗಂತ ಹೊಸ ಮಷಿನ್ ತಪ್ಪು ಎಂದೂ ಆಗುವುದಿಲ್ಲ. ಹಳೇ ಮಷಿನ್ ವರ್ಷಗಟ್ಟಲೆ ಜಾಸ್ತಿ ತೋರಿಸುತ್ತಿದ್ದಿರಬಹುದು. ಎರಡು ಮಷಿನ್ ಜಗಳವಾಡಿದಾಗ ಮೂರನೆಯ ಸಾಕ್ಷಿ ಬೇಕು. ಗರ್ಬರ್ ಆ ಸಾಕ್ಷಿ.

ಟ್ಯಾಂಕರ್ ಚೀಟಿ. ಇಲ್ಲಿ ಒಂದು ಪ್ರಶ್ನೆ: ನಿಮ್ಮ 4.1 ಯಾವ ಸರಾಸರಿ? ಎಲ್ಲರ ಫ್ಯಾಟ್ ಕೂಡಿಸಿ ಜನರ ಸಂಖ್ಯೆಯಿಂದ ಭಾಗಿಸಿದ್ದರೆ ಆ ಲೆಕ್ಕವೇ ತಪ್ಪು. ಒಬ್ಬರು 6.0 ಫ್ಯಾಟಿನ 2 ಲೀಟರ್ ಹಾಕುತ್ತಾರೆ, ಇನ್ನೊಬ್ಬರು 3.4ರ 18 ಲೀಟರ್ ಹಾಕುತ್ತಾರೆ ಎಂದುಕೊಳ್ಳಿ. ಸುಮ್ನೆ ಸರಾಸರಿ ತೆಗೆದರೆ 4.7. ಆದರೆ ಕ್ಯಾನಿನಲ್ಲಿರುವ 20 ಲೀಟರ್ ಹಾಲಿನ ಫ್ಯಾಟ್ 3.66. ಪ್ರತಿಯೊಬ್ಬರ ಹಾಲನ್ನು ಅವರ ಫ್ಯಾಟಿನಿಂದ ಗುಣಿಸಿ, ಎಲ್ಲಾ ಕೂಡಿಸಿ, ಒಟ್ಟು ಹಾಲಿನಿಂದ ಭಾಗಿಸಬೇಕು. ಒಂದು ದಿನದ ಲೆಕ್ಕವನ್ನು ಕೈಯಲ್ಲೇ ಹೀಗೆ ಮಾಡಿ ನೋಡಿ. ಎಷ್ಟೋ ಸಂಘಗಳಲ್ಲಿ ಅರ್ಧ ಜಗಳ ಇಲ್ಲೇ ಮುಗಿದದ್ದನ್ನು ಕಂಡಿದ್ದೇನೆ.

ಆಮೇಲೂ ಅಂತರ ಉಳಿದರೆ ಸ್ಯಾಂಪಲ್ ತೆಗೆಯುವ ರೀತಿ ನೋಡಿ. ನಿಂತ ಹಾಲಿನಲ್ಲಿ ಕೆನೆ ಮೇಲೆ ಬರುತ್ತದೆ. ಸರಿಯಾಗಿ ಕಲಕದೆ ತಳದಿಂದ ತೆಗೆದ ಸ್ಯಾಂಪಲ್‌ಗೆ ಫ್ಯಾಟ್ ಕಡಿಮೆ ಬರುವುದು ಸಹಜ. ಸ್ಯಾಂಪಲ್ ಬಾಟಲಿ ಅರ್ಧ ಖಾಲಿ ಇದ್ದರೆ ದಾರಿಯ ಕುಲುಕಾಟಕ್ಕೆ ಬೆಣ್ಣೆ ಕಟ್ಟುತ್ತದೆ. ಎಸ್‌ಎನ್‌ಎಫ್‌ನಲ್ಲೂ ವ್ಯತ್ಯಾಸ ಇದ್ದರೆ ಲ್ಯಾಕ್ಟೋಮೀಟರ್ (ಹಾಲಿನ ಸಾಂದ್ರತೆ ಅಳೆಯುವ ಕೊಳವೆ) ಡಿಗ್ರಿಯಿಂದ ಎಸ್‌ಎನ್‌ಎಫ್ ತೆಗೆಯುವ ಸೂತ್ರವನ್ನು ಒಕ್ಕೂಟದಲ್ಲಿ ಕೇಳಿಕೊಳ್ಳಿ. ಅದರ ಕೊನೆಗೆ ಕೂಡಿಸುವ ಸಂಖ್ಯೆ ಎಲ್ಲಾ ಕಡೆ ಒಂದೇ ಇರುವುದಿಲ್ಲ. ನಿಮ್ಮ ಮಷಿನ್‌ನಲ್ಲಿ ಒಂದು, ಅವರ ಲ್ಯಾಬ್‌ನಲ್ಲಿ ಇನ್ನೊಂದು ಇದ್ದರೆ ಎಂದೂ ಹೊಂದುವುದಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಟ್ಯಾಂಕರ್ ಚೀಟಿಗೆ ಹೊಂದಲಿ ಎಂದು ಮಷಿನ್‌ನ ಕ್ಯಾಲಿಬ್ರೇಷನ್ ಇಳಿಸಲು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ತಪ್ಪು ಸ್ಯಾಂಪಲ್‌ನಲ್ಲಿದ್ದರೆ ಅದನ್ನು ನೂರಾರು ಮನೆಗಳ ಬಟವಾಡೆಯಲ್ಲಿ ಕಳೆದಂತಾಗುತ್ತದೆ. ಅಜ್ಜನ 3.7 ಆಗ 3.4 ಆಗುತ್ತದೆ. ಕಾರಣ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ತಕ್ಕಡಿಗೆ ಜಾಸ್ತಿ ಹೊತ್ತು ಬೇಡ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯಾ, ಅವಧಿ ಮುಗಿದಿಲ್ಲವಾ ನೋಡಿ. ಆ ಮುದ್ರೆ ತೂಕಕ್ಕೆ ಮಾತ್ರ, ಫ್ಯಾಟಿಗಲ್ಲ. ರಿಪೇರಿಗೆ ಸೀಲ್ ಒಡೆದರೆ ಮತ್ತೆ ಮುದ್ರೆ ಹಾಕಿಸಬೇಕು. ಮುದ್ರೆಯಿರುವ ತೂಕದ ಕಲ್ಲನ್ನು ನಡುವೆ ಇಟ್ಟು ಓದಿ, ನಾಲ್ಕು ಮೂಲೆಯಲ್ಲೂ ಇಟ್ಟು ಓದಿ. ಫ್ಯಾನ್ ಗಾಳಿಗೆ ಅಂಕಿ ಕುಣಿಯುತ್ತಿದ್ದರೆ ತಕ್ಕಡಿಯ ಜಾಗ ಬದಲಿಸಿ. ಮುಖ್ಯವಾದದ್ದು ಕೇಜಿ ಮತ್ತು ಲೀಟರ್. ಒಂದು ಲೀಟರ್ ಹಾಲು ಸುಮಾರು 1.03 ಕೇಜಿ ತೂಗುತ್ತದೆ. ತಕ್ಕಡಿ ಕೇಜಿ ಕಳಿಸಿ, ಸಾಫ್ಟ್‌ವೇರ್ ಅದನ್ನೇ ಲೀಟರ್ ಎಂದು ಬರೆದುಕೊಂಡರೆ ನಿಮ್ಮ 900 ಲೀಟರ್ ಕಂಪ್ಯೂಟರ್‌ನಲ್ಲಿ 927 ಆಗುತ್ತದೆ. ದಿನಕ್ಕೆ 27 ಲೀಟರ್ ಇಲ್ಲದ ಹಾಲಿಗೆ ಸಂಘ ದುಡ್ಡು ಕೊಡುತ್ತಿರುತ್ತದೆ.

ಈಗ ಸಾಫ್ಟ್‌ವೇರ್. 'ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ' ಅನ್ನುವವರು ನಿಮ್ಮ ಊರಲ್ಲೂ ಇರುತ್ತಾರೆ. ಅದು ತನಗೆ ಹೇಳಿದ್ದನ್ನು ತಪ್ಪದೆ ಮಾಡುತ್ತದೆ ಅನ್ನುವುದು ನಿಜ. ಹೇಳಿದ್ದೇ ತಪ್ಪಾಗಿದ್ದರೆ ಆ ತಪ್ಪನ್ನೂ ದಿನಾ ತಪ್ಪದೆ ಮಾಡುತ್ತದೆ. ಕೆನಡಾದ ವ್ಯಾಂಕೂವರ್ ಷೇರುಪೇಟೆಯಲ್ಲಿ 1982ರ ಜನವರಿಯಲ್ಲಿ ಒಂದು ಸೂಚ್ಯಂಕವನ್ನು 1000ದಿಂದ ಶುರು ಮಾಡಿದರು. ವ್ಯಾಪಾರ ಆದಾಗಲೆಲ್ಲ ಹೊಸ ಲೆಕ್ಕ ಹಾಕಿ, ಮೂರು ದಶಮಾಂಶದ ನಂತರದ್ದನ್ನು ಸಾಫ್ಟ್‌ವೇರ್ ಕತ್ತರಿಸಿ ಬಿಸಾಡುತ್ತಿತ್ತು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524ಕ್ಕೆ ಬಂದು ನಿಂತಿತು. ಸರಿಯಾಗಿ ಲೆಕ್ಕ ಹಾಕಿದಾಗ ಅದು 1098 ಇರಬೇಕಿತ್ತು.

ಅದೇ ಕತ್ತರಿ ಡೈರಿಯಲ್ಲೂ ಇರಬಹುದು. ಮಷಿನ್ 3.47 ಓದುತ್ತದೆ. ದರಪಟ್ಟಿಯಲ್ಲಿ 3.4, 3.5 ಎಂದು ಮಾತ್ರ ಇದೆ. ಸಾಫ್ಟ್‌ವೇರ್ ಅದನ್ನು ಹತ್ತಿರದ 3.5 ಮಾಡುತ್ತದಾ, ಕತ್ತರಿಸಿ 3.4 ಮಾಡುತ್ತದಾ? ಕತ್ತರಿಸಿದರೆ ಹತ್ತು ಸಲದಲ್ಲಿ ಐದು ಸಲ ರೈತರಿಗೆ ಒಂದು ಪಾಯಿಂಟ್ (0.1) ಕಡಿಮೆ ಸಿಗುತ್ತದೆ. ಒಂದು ಪಾಯಿಂಟ್‌ಗೆ ಲೀಟರಿಗೆ 30 ಪೈಸೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಸರಾಸರಿ ಲೀಟರಿಗೆ 15 ಪೈಸೆ ಹೋಯಿತು. 900 ಲೀಟರಿಗೆ ದಿನಕ್ಕೆ 135 ರೂಪಾಯಿ. ವರ್ಷಕ್ಕೆ 49 ಸಾವಿರ ದಾಟುತ್ತದೆ. ಯಾವ ನಿಯಮ ಇರಬೇಕು ಅನ್ನುವುದು ಒಕ್ಕೂಟ ಮತ್ತು ಆಡಳಿತ ಮಂಡಳಿ ತೀರ್ಮಾನಿಸುವ ವಿಷಯ. ಸಾಫ್ಟ್‌ವೇರ್ ಬರೆದವರು ಯಾರಿಗೂ ಹೇಳದೆ ತೀರ್ಮಾನಿಸಬಾರದು, ಅಲ್ವಾ?

ಹಾಗಾಗಿ ಒಂದು ಪುಸ್ತಕದಲ್ಲಿ ಮೂವತ್ತು ಲೆಕ್ಕ ಬರೆಯಿರಿ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಇಟ್ಟು, ದರಪಟ್ಟಿ ನೋಡಿ, ಕೈಲೆಕ್ಕದಲ್ಲಿ ರೂಪಾಯಿ ಪೈಸೆ ತೆಗೆದಿಡಿ. ಅಂಚಿನ ನಂಬರುಗಳನ್ನು ಬೇಕಂತಲೇ ಸೇರಿಸಿ: 3.44, 3.45, 3.46, ದರಪಟ್ಟಿಯ ಮೊದಲ ಸಾಲು, ಕೊನೆಯ ಸಾಲು, ಪಟ್ಟಿಯಲ್ಲೇ ಇಲ್ಲದ ಫ್ಯಾಟ್. ತಪ್ಪುಗಳು ಸಾಮಾನ್ಯವಾಗಿ ಅಂಚಿನಲ್ಲೇ ಅಡಗಿರುತ್ತವೆ. ದರ ಬದಲಾಗುವ ದಿನದ್ದೂ ಒಂದು ಲೆಕ್ಕ ಇರಲಿ. ಹಿಂದಿನ ಸಂಜೆಯ ಹಾಲಿಗೆ ಹಳೇ ದರ, ಬೆಳಗಿನ ಹಾಲಿಗೆ ಹೊಸ ದರ ಬರುತ್ತದಾ ನೋಡಿ. ಈ ಲೆಕ್ಕಗಳನ್ನು ದಿನದ ವಹಿವಾಟಿಗೆ ಬೆರೆಸಬೇಡಿ. ಪರೀಕ್ಷೆಗೆ ಬೇರೆ ಕಾಪಿ ಹಾಕಿಕೊಡಲು ಕಂಪನಿಯವರಿಗೆ ಹೇಳಿ.

ನನಗೆ ಹೆಚ್ಚು ಭಯ ಇರುವುದು ಲೆಕ್ಕದ ತಪ್ಪಿನದ್ದಲ್ಲ, ಮಷಿನ್ ಮತ್ತು ಕಂಪ್ಯೂಟರ್ ನಡುವಿನ ಕೇಬಲ್‌ನದ್ದು. ಒಂದು ಸಂಘಕ್ಕೆ ಹೋಗಿದ್ದೆ. ಬೆಳಗ್ಗೆ ಆರೂವರೆ, ಬಾಗಿಲ ತನಕ ಸಾಲು. ಒಬ್ಬರು ಎಮ್ಮೆ ಹಾಲು ಹಾಕಿದರು, ಪರದೆಯ ಮೇಲೆ 6.8 ಬಂತು. ಹಿಂದಿನವರದು ಹಸುವಿನ ಹಾಲು. ಪರದೆಯಲ್ಲಿ ಮತ್ತೆ 6.8. ಅವರ ಹಿಂದಿನವರಿಗೂ 6.8. ಆದರೆ ಮಷಿನ್‌ನ ಪುಟ್ಟ ಪರದೆಯಲ್ಲಿ 3.6, 3.9 ಎಂದು ಸರಿಯಾಗೇ ಬರುತ್ತಿತ್ತು. ಕೇಬಲ್ ಸಡಿಲವಾಗಿತ್ತು. ಹೊಸ ನಂಬರ್ ಬರದಿದ್ದಾಗ ಸಾಫ್ಟ್‌ವೇರ್ ಹಳೇ ನಂಬರನ್ನೇ ಹಿಡಿದುಕೊಂಡು ಚೀಟಿ ಹೊಡೆಯುತ್ತಿತ್ತು. ಹಿಂದಿನ ದಾಖಲೆ ತೆಗೆದರೆ ಮೂರು ವಾರದಿಂದ ಹೀಗೆ ಆಗಾಗ ಆಗಿದೆ. ಜಾಸ್ತಿ ಬಂದವರು ದೂರು ಕೊಟ್ಟಿರಲಿಲ್ಲ. ಕಡಿಮೆ ಬಂದ ಒಬ್ಬ ಹೆಣ್ಣುಮಗಳು ಹೇಳಿದ್ದಾರೆ, ಸಂಘದವರು ಅವರ ಹಾಲಿಗೇ ನೀರು ಬೆರೆತಿದೆ ಎಂದು ಅನುಮಾನ ಪಟ್ಟಿದ್ದಾರೆ. ಆ ಹೆಣ್ಣುಮಗಳ ಮುಖ ನನಗೆ ಇನ್ನೂ ನೆನಪಿದೆ.

ಆವತ್ತಿನಿಂದ ಎಲ್ಲೇ ಹೋದರೂ ಬೇಕಂತಲೇ ಕೇಬಲ್ ಕಿತ್ತು ನೋಡುತ್ತೇನೆ. ಕಿತ್ತಾಗ ಸಾಫ್ಟ್‌ವೇರ್ 'ಮಷಿನ್‌ನಿಂದ ಓದು ಬಂದಿಲ್ಲ' ಎಂದು ನಿಲ್ಲಬೇಕು. ಯಾವುದೇ ನಂಬರ್ ತೋರಿಸಿದರೂ ಅದು ಫೇಲು. ಹಾಗೇ ತೂಕ ಆದ ಮೇಲೆ ಚೀಟಿ ಬರುವ ಮುಂಚೆ ಕಂಪ್ಯೂಟರ್‌ನ ಕರೆಂಟ್ ತೆಗೆಯಿರಿ. ಮತ್ತೆ ಹಚ್ಚಿದಾಗ ಆ ಹಾಲು ಮಾಯವಾಗಿದೆಯಾ, ಎರಡು ಸಲ ಬರೆದಿದೆಯಾ ನೋಡಿ. ತಕ್ಕಡಿಯ ಅಂಕಿ ನಿಲ್ಲುವ ಮೊದಲೇ ತೂಕ ಹಿಡಿಯುತ್ತದಾ ನೋಡಿ. ಹಾಲು ಹಾಕಿದ ಮೇಲೆ ಫ್ಯಾಟ್ ತಿದ್ದಲು ಆಗುತ್ತದಾ, ತಿದ್ದಿದರೆ ಯಾರು, ಯಾವಾಗ, ಎಷ್ಟಿದ್ದದ್ದನ್ನು ಎಷ್ಟು ಮಾಡಿದರು ಎಂದು ದಾಖಲೆ ಉಳಿಯುತ್ತದಾ ನೋಡಿ. ಈ ದಾಖಲೆ ಕಾರ್ಯದರ್ಶಿಯಾದ ನಿಮಗೇ ರಕ್ಷಣೆ.

ಅಪ್‌ಡೇಟ್ ಬಂದಾಗ ಹೊಸದಾಗಿ ಸೇರಿಸಿದ್ದನ್ನಷ್ಟೇ ನೋಡಿ ಬಿಡಬೇಡಿ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಕೆಡುವುದು ಸಾಫ್ಟ್‌ವೇರ್‌ನಲ್ಲಿ ಬಹಳ ಸಾಮಾನ್ಯ. ಅದೇ ಮೂವತ್ತು ಲೆಕ್ಕ, ಅದೇ ಕೇಬಲ್, ಅದೇ ಕರೆಂಟ್, ಎಲ್ಲವನ್ನೂ ಮತ್ತೆ ಮಾಡಿ. ಅರ್ಧ ದಿನದ ಕೆಲಸ. ಪುಸ್ತಕದಲ್ಲಿ ತಾರೀಖು, ಸಾಫ್ಟ್‌ವೇರ್‌ನ ವರ್ಷನ್ ನಂಬರ್, ಬಂದ ಉತ್ತರ, ಇಬ್ಬರ ಸಹಿ ಇರಲಿ. ಬಟವಾಡೆ ನಡುವೆ ಅಪ್‌ಡೇಟ್ ಹಾಕಲು ಬಿಡಬೇಡಿ. ಬ್ಯಾಕಪ್ ತೆಗೆದಿದ್ದಾರಾ ಎಂದು ಕೇಳಿ, ಆ ಬ್ಯಾಕಪ್‌ನಿಂದ ಹಳೆಯದು ವಾಪಸ್ ಬರುವುದನ್ನು ಒಮ್ಮೆ ಕಣ್ಣಾರೆ ನೋಡಿ.

ನಿಮ್ಮ ಮುಂದಿರುವ ದಾರಿಗಳು ಇವು. ಗರ್ಬರ್ ಸಾಮಾನು ಸಂಘದಲ್ಲೇ ಇದ್ದರೆ ನೀವೇ ಮಾಡಬಹುದು. ಆದರೆ ಆ ಆಸಿಡ್ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ, ಕಲಿತವರು ಪಕ್ಕದಲ್ಲಿಲ್ಲದೆ ಮುಟ್ಟಬೇಡಿ. ಒಕ್ಕೂಟದ ಲ್ಯಾಬ್‌ಗೆ ಸ್ಯಾಂಪಲ್ ಕಳಿಸಿ ಮಾಡಿಸುವುದು ಸುಲಭ, ಆದರೆ ತಣ್ಣಗೆ ಸಾಗಿಸದಿದ್ದರೆ ಹಾಲು ಹುಳಿಯಾಗಿ ಪರೀಕ್ಷೆಯೇ ಕೆಡುತ್ತದೆ. ಕಂಪನಿಯ ಎಂಜಿನಿಯರ್ ಕರೆಸಿ ಕ್ಯಾಲಿಬ್ರೇಷನ್ ಮಾಡಿಸಬಹುದು, ಆದರೆ ಇಪ್ಪತ್ತು ಸ್ಯಾಂಪಲ್‌ನ ಪಟ್ಟಿ ಕೈಯಲ್ಲಿಲ್ಲದೆ ಕರೆಸಿದರೆ ಅವರು ಊಹೆಯ ಮೇಲೆ ತಿರುಗಿಸಿ ಹೋಗುತ್ತಾರೆ. ಹಳೇ ಮಷಿನ್‌ಗೆ ವಾಪಸ್ ಹೋಗಬೇಡಿ, ಅದನ್ನೂ ಯಾರೂ ಪರೀಕ್ಷೆ ಮಾಡಿಲ್ಲ. ನಾನಾದರೆ ವಿಸ್ತರಣಾಧಿಕಾರಿಗೆ ಹೇಳಿ ಒಕ್ಕೂಟದಿಂದ ಗರ್ಬರ್ ಗೊತ್ತಿರುವ ಒಬ್ಬರನ್ನು ಒಂದು ಬೆಳಗ್ಗೆ ಸಂಘಕ್ಕೇ ಕರೆಸುತ್ತೇನೆ. ಒಂದು ಬಟವಾಡೆ ಪೂರ್ತಿ ಕಂಪ್ಯೂಟರ್ ಜೊತೆ ಕೈಪುಸ್ತಕವನ್ನೂ ಬರೆಸುತ್ತೇನೆ. ಎರಡು ಮೊತ್ತ ಹೊಂದಿದ ಮೇಲೆ ಕೈಪುಸ್ತಕ ಬಿಡುತ್ತೇನೆ. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಐದು ಸ್ಯಾಂಪಲ್ ಗರ್ಬರ್ ಮಾಡಿ ಅದೇ ಪುಸ್ತಕದಲ್ಲಿ ಬರೆದರೆ ಸಾಕು.

ಆ ಬೆಳಗ್ಗೆ ಅಜ್ಜನಿಗೂ ಬರಲು ಹೇಳಿ. ಅವರ ಕಣ್ಣೆದುರಿಗೇ ಅವರ ಹಾಲನ್ನು ಎರಡು ಬಾಟಲಿಗೆ ಹಾಕಿ. ಒಂದು ಮಷಿನ್‌ಗೆ, ಒಂದು ಗರ್ಬರ್‌ಗೆ. ಬ್ಯುಟಿರೋಮೀಟರ್ ಅನ್ನು ಬೆಳಕಿಗೆ ಹಿಡಿದು ಹೊಂಬಣ್ಣದ ಪಟ್ಟಿ ಎಲ್ಲಿಗೆ ನಿಂತಿದೆ ಎಂದು ಅವರೇ ಎಣಿಸಲಿ. ಎರಡೂ ನಂಬರನ್ನು ಅವರ ಪಾಸ್ ಪುಸ್ತಕದಲ್ಲಿ ಬರೆದುಕೊಡಿ. ಮಷಿನ್ ಕಡಿಮೆ ತೋರಿಸುತ್ತಿತ್ತು ಎಂದು ಗೊತ್ತಾದರೆ, ಅದು ಬಂದ ದಿನದಿಂದ ಎಲ್ಲರಿಗೂ ಎಷ್ಟು ಬಾಕಿ ಕೊಡಬೇಕು ಎಂದು ಲೆಕ್ಕ ತೆಗೆದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡಿ. ಆ ಪಟ್ಟಿ ಮಾಡುವಾಗ ತೊಡಕಾದರೆ ಮತ್ತೆ ಬರೆಯಿರಿ, ಜೊತೆಗೆ ಕೂತು ಮಾಡೋಣ.